ಪೆಟ್ಟಿಗೆಯ ಹಣ, ಸಂಘದ ಹಣ: ಕಿರಿಯರ ಕ್ರೀಡಾ ಸಂಘದ ಲೆಕ್ಕಪತ್ರ

ತರಗತಿ: 9 ಮತ್ತು 10
ವಿಷಯ ಸಂಯೋಜನೆ: ಗಣಿತ, ಸಮಾಜ ವಿಜ್ಞಾನ, ಕನ್ನಡ
ಅವಧಿ: 45 ನಿಮಿಷಗಳ ಮೂರು ತರಗತಿಗಳು
ಸಾಮಗ್ರಿ: ಗೆರೆ ಹಾಕಿದ ಹಾಳೆ, ಕ್ರಮಸಂಖ್ಯೆಯುಳ್ಳ ಒಂದು ರಸೀದಿ ಪುಸ್ತಕ, ಕಪ್ಪುಹಲಗೆ

ಪೀಠಿಕೆ

ಗಡಿನಾಡಿನ ಹಳ್ಳಿಗಳಲ್ಲಿ ಮಕ್ಕಳ ಆಟ ನಡೆಯುವುದು ಬಹುಮಟ್ಟಿಗೆ ಸಣ್ಣ ಸಂಘಗಳ ಆಶ್ರಯದಲ್ಲಿ. ಕಾಸರಗೋಡಿನ ಕಬಡ್ಡಿ ಅಂಕಣವಾಗಲಿ, ಸೊಲ್ಲಾಪುರ ಸೀಮೆಯ ಖೋ-ಖೋ ಬಯಲಾಗಲಿ, ಹೊಸೂರಿನ ವಾಲಿಬಾಲ್ ಬಲೆಯಾಗಲಿ, ಅದರ ಹಿಂದೆ ನಾಲ್ಕಾರು ಹಿರಿಯರು, ಒಂದು ರಸೀದಿ ಪುಸ್ತಕ, ಒಂದು ಬ್ಯಾಂಕ್ ಖಾತೆ ಇರುತ್ತವೆ. ಮಕ್ಕಳಿಗೆ ಅಂಕಣ ಕಾಣುತ್ತದೆ, ಲೆಕ್ಕದ ಪುಸ್ತಕ ಕಾಣುವುದಿಲ್ಲ. ಆದರೆ ಮುಂದಿನ ವರ್ಷ ಯಾವ ಮಗು ಅಂಕಣದಲ್ಲಿ ಉಳಿಯುತ್ತದೆ, ಯಾವುದು ಹೊರಗೆ ನಿಂತು ನೋಡುತ್ತದೆ ಎಂಬುದು ಅನೇಕ ಸಲ ತೀರ್ಮಾನವಾಗುವುದು ಆ ಪುಸ್ತಕದಲ್ಲಿಯೇ.

ಲಾಭಕ್ಕಾಗಿ ನಡೆಯದ ಸಂಸ್ಥೆಯಲ್ಲಿ ಲೆಕ್ಕವೇಕೆ ಎಂಬ ಭಾವನೆ ಸಾಮಾನ್ಯವಾಗಿದೆ. ಈ ಪಾಠವು ಆ ಭಾವನೆಯನ್ನು ತಿದ್ದುವುದಕ್ಕಾಗಿ ಇದೆ. ವ್ಯಾಪಾರಿಯ ಲೆಕ್ಕ ಕೆಟ್ಟರೆ ನಷ್ಟವು ಮುಖ್ಯವಾಗಿ ವ್ಯಾಪಾರಿಯದು. ಸಂಘದ ಲೆಕ್ಕ ಕೆಟ್ಟರೆ ನಷ್ಟವು ಸಭೆಯಲ್ಲಿ ಮಾತನಾಡಲು ಅವಕಾಶವಿಲ್ಲದ ಮಕ್ಕಳದು.

ಕಲಿಕೆಯ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಯು
1. ಸ್ವೀಕೃತಿ–ಪಾವತಿ ಖಾತೆಗೂ ಆದಾಯ–ವೆಚ್ಚ ಖಾತೆಗೂ ಇರುವ ಭೇದವನ್ನು ಉದಾಹರಣೆಯೊಡನೆ ಹೇಳಬಲ್ಲನು/ಬಲ್ಲಳು;
2. ಕೈಯಲ್ಲಿರುವ ಶಿಲ್ಕಿನಲ್ಲಿ ಸಂಘವು ಸ್ವತಂತ್ರವಾಗಿ ಖರ್ಚು ಮಾಡಬಹುದಾದ ಭಾಗವೆಷ್ಟೆಂದು ಲೆಕ್ಕ ಹಾಕಬಲ್ಲನು/ಬಲ್ಲಳು;
3. ಒಂದು ಮಗುವಿನ ತರಬೇತಿಗೆ ತಗಲುವ ವೆಚ್ಚವನ್ನು ಕಂಡುಹಿಡಿದು, ಶುಲ್ಕದೊಡನೆ ಹೋಲಿಸಬಲ್ಲನು/ಬಲ್ಲಳು;
4. ಲೆಕ್ಕದ ಪದಗಳನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಗುರುತಿಸಬಲ್ಲನು/ಬಲ್ಲಳು.

ಶಿಕ್ಷಕರ ತಿಳಿವಳಿಕೆಗಾಗಿ: ಸಂಘದ ಕಾನೂನು ಸ್ವರೂಪ

ನೋಂದಾಯಿತ ಸಂಘವೊಂದು ಕಾನೂನಿನ ಕಣ್ಣಿನಲ್ಲಿ ಅದರ ಪದಾಧಿಕಾರಿಗಳ ಸ್ವಂತ ಸೊತ್ತಲ್ಲ. 1860ರ ಸಂಘಗಳ ನೋಂದಣಿ ಕಾಯ್ದೆಯು ಏಳು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂಡಿ ಸಂಘ ಸ್ಥಾಪಿಸಲು ಅವಕಾಶ ನೀಡುತ್ತದೆ. ಕಾಸರಗೋಡು ಮತ್ತು ವಯನಾಡು 1956ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದ ಕಾರಣ, ಕೇರಳದ ಮಲಬಾರು ಭಾಗದಲ್ಲಿ ಈ ಕಾಯ್ದೆಯೇ ಮುಂದುವರಿದಿದೆ. ತಿರುವಾಂಕೂರು–ಕೊಚ್ಚಿ ಭಾಗಕ್ಕೆ 1955ರ ಬೇರೆ ಕಾಯ್ದೆಯುಂಟು. ತಮಿಳುನಾಡಿನಲ್ಲಿ 1975ರ ಕಾಯ್ದೆಯೂ, ಆಂಧ್ರಪ್ರದೇಶದಲ್ಲಿ 2001ರ ಕಾಯ್ದೆಯೂ ಅನ್ವಯಿಸುತ್ತವೆ. ಮಹಾರಾಷ್ಟ್ರದಲ್ಲಿ 1860ರ ಕಾಯ್ದೆಯ ಜೊತೆಗೆ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯೂ ಇದ್ದು, ಅದರ ಮೇಲ್ವಿಚಾರಣೆ ಧರ್ಮಾದಾಯ ಆಯುಕ್ತರದು.

ಕಾಯ್ದೆ ಯಾವುದೇ ಇರಲಿ, ತತ್ತ್ವ ಒಂದೇ: ಸಂಘದಲ್ಲಿ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಸಂಘದ ಉದ್ದೇಶಕ್ಕೇ ವಿನಿಯೋಗವಾಗಬೇಕು. 18 ವರ್ಷ ತುಂಬದವರು ಒಪ್ಪಂದ ಮಾಡಿಕೊಳ್ಳಲು ಕಾನೂನಿನಲ್ಲಿ ಅರ್ಹರಲ್ಲವಾದುದರಿಂದ, ಕಿರಿಯರ ಕ್ರೀಡಾ ಸಂಘದಲ್ಲಿ ಹಣದ ಹೊಣೆ ಹಿರಿಯರ ಮೇಲಿರುತ್ತದೆ. ಆಟ ಮಕ್ಕಳದು, ಸಹಿ ಹಿರಿಯರದು. ಈ ಅಂತರವೇ ಲೆಕ್ಕವನ್ನು ಬಹಿರಂಗವಾಗಿ ಇಡಬೇಕಾದುದಕ್ಕೆ ಮೊದಲ ಕಾರಣ.

ಮೊದಲ ತರಗತಿ: ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು

ಶಿಕ್ಷಕರು ಈ ಕೆಳಗಿನ ಮಾದರಿಯನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು. ಇದು ಪಾಠಕ್ಕಾಗಿ ಕಲ್ಪಿಸಿದ ಲೆಕ್ಕವೆಂದು ಆರಂಭದಲ್ಲಿಯೇ ತಿಳಿಸಬೇಕು. 40 ಮಕ್ಕಳಿರುವ ಒಂದು ಕಬಡ್ಡಿ ಸಂಘ. ಮಗುವೊಂದಕ್ಕೆ ವಾರ್ಷಿಕ ಶುಲ್ಕ 300 ರೂ.; ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ.

ಸ್ವೀಕೃತಿಗಳು
ಆರಂಭದ ಶಿಲ್ಕು: 18,000 ರೂ.
ಈ ವರ್ಷದ ಶುಲ್ಕ, 30 ಮಕ್ಕಳಿಂದ: 9,000 ರೂ.
ಮುಂದಿನ ವರ್ಷದ ಶುಲ್ಕ, 4 ಮಕ್ಕಳಿಂದ ಮುಂಗಡವಾಗಿ: 1,200 ರೂ.
ಊರವರ ಸಾಮಾನ್ಯ ದೇಣಿಗೆ: 36,000 ರೂ.
ಕಬಡ್ಡಿ ಮ್ಯಾಟ್ ಕೊಳ್ಳಲೆಂದೇ ಬಂದ ದೇಣಿಗೆ: 60,000 ರೂ.
ಪಂದ್ಯಾವಳಿಯ ಪ್ರವೇಶ ಶುಲ್ಕ, 24 ತಂಡಗಳು: 24,000 ರೂ.
ಪಂದ್ಯಾವಳಿಯ ಪ್ರಾಯೋಜಕರಿಂದ: 20,000 ರೂ.
ಒಟ್ಟು: 1,68,200 ರೂ.

ಪಾವತಿಗಳು
ಪಂದ್ಯಾವಳಿ: ಬಹುಮಾನ 18,000, ಊಟ 10,000, ಪೆಂಡಾಲು ಮತ್ತು ಧ್ವನಿವರ್ಧಕ 9,000, ತೀರ್ಪುಗಾರರ ಗೌರವಧನ 4,000, ಒಟ್ಟು 41,000 ರೂ.
ತರಬೇತುದಾರರ ಗೌರವಧನ, ತಿಂಗಳಿಗೆ 2,500ರಂತೆ 11 ತಿಂಗಳು: 27,500 ರೂ.
ಮೈದಾನದ ಬಾಡಿಗೆ, ತಿಂಗಳಿಗೆ 500ರಂತೆ: 6,000 ರೂ.
ಸಮವಸ್ತ್ರ ಮತ್ತು ಸಲಕರಣೆ: 12,000 ರೂ.
ಪ್ರಯಾಣ: 9,000 ರೂ.
ಪ್ರಥಮ ಚಿಕಿತ್ಸೆ ಮತ್ತು ವಿಮೆ: 3,000 ರೂ.
ಬ್ಯಾಂಕ್, ಲೆಕ್ಕಪರಿಶೋಧನೆ, ಲೇಖನ ಸಾಮಗ್ರಿ: 2,500 ರೂ.
ಒಟ್ಟು ಪಾವತಿ: 1,01,000 ರೂ.
ಅಂತ್ಯದ ಶಿಲ್ಕು: 67,200 ರೂ.

ವಿದ್ಯಾರ್ಥಿಗಳು ತಾವೇ ಕೂಡಿಸಿ, ಕಳೆದು ನೋಡಲಿ. ಬಳಿಕ ಒಂದೇ ಪ್ರಶ್ನೆ ಕೇಳಬೇಕು: “ಈ ವರ್ಷ ಸಂಘ ಮೇಲಕ್ಕೆ ಹೋಯಿತೋ, ಕೆಳಕ್ಕೆ ಇಳಿಯಿತೋ?” ಹದಿನೆಂಟು ಸಾವಿರವಿದ್ದುದು ಅರವತ್ತೇಳು ಸಾವಿರವಾಯಿತು, ಆದ್ದರಿಂದ ಮೇಲಕ್ಕೆ ಹೋಯಿತು ಎಂದು ಹೆಚ್ಚಿನವರು ಹೇಳುವರು. ಈ ಉತ್ತರವನ್ನು ಆಗಲೇ ತಿದ್ದಬಾರದು. ಅದನ್ನು ಹಲಗೆಯ ಒಂದು ಮೂಲೆಯಲ್ಲಿ ಬರೆದು, ಮುಂದಿನ ತರಗತಿಯವರೆಗೆ ಹಾಗೆಯೇ ಉಳಿಸಬೇಕು.

ಎರಡನೆಯ ತರಗತಿ: ಪೆಟ್ಟಿಗೆಯಲ್ಲಿರುವುದೆಲ್ಲ ಸಂಘದ್ದಲ್ಲ

ಅಂತ್ಯದ ಶಿಲ್ಕನ್ನು ಒಂದೊಂದು ಪ್ರಶ್ನೆಯಿಂದ ಬಿಡಿಸುತ್ತ ಹೋಗಬೇಕು.

ಮ್ಯಾಟಿಗಾಗಿ ಬಂದ 60,000 ರೂ. ಯಾರದು? ದಾನಿಯು ಅದನ್ನು ಒಂದು ಗೊತ್ತಾದ ಕಾರ್ಯಕ್ಕೆ ಕೊಟ್ಟಿರುವನು. ಮ್ಯಾಟಿಗೆ ಬೇಕಾದ ಉಳಿದ ಹಣ ಕೂಡಿಬರುವವರೆಗೆ ಅದು ಸಂಘದ ವಶದಲ್ಲಿದ್ದರೂ ಸಂಘದ ಇಚ್ಛೆಗೆ ಒಳಪಟ್ಟುದಲ್ಲ. ಇಂಥ ಹಣವನ್ನು ನಿರ್ದಿಷ್ಟ ನಿಧಿ ಎಂದು ಪ್ರತ್ಯೇಕವಾಗಿ ತೋರಿಸಬೇಕು.

ನಾಲ್ಕು ಮಕ್ಕಳು ಕೊಟ್ಟ 1,200 ರೂ. ಯಾವ ವರ್ಷದ್ದು? ಅದು ಮುಂದಿನ ವರ್ಷದ ತರಬೇತಿಯ ಬೆಲೆ. ಆ ತರಬೇತಿ ಇನ್ನೂ ನಡೆದಿಲ್ಲ. ಆದುದರಿಂದ ಇಂದಿಗೆ ಅದು ಸಂಘದ ಮೇಲಿರುವ ಹೊಣೆ.

ತರಬೇತುದಾರರಿಗೆ ಮಾರ್ಚ್ ತಿಂಗಳ 2,500 ರೂ. ಸಂದಿದೆಯೇ? ಹನ್ನೊಂದೇ ತಿಂಗಳ ಪಾವತಿಯಾಗಿದೆ. ಕೆಲಸ ನಡೆದಿದೆ, ಹಣ ಕೊಟ್ಟಿಲ್ಲ, ಇದು ಬಾಕಿ.

67,200ರಿಂದ 60,000, 1,200 ಮತ್ತು 2,500 ಕಳೆದರೆ ಉಳಿಯುವುದು 3,500 ರೂ. ಸಂಘವು ತನ್ನದೆಂದು ಹೇಳಿಕೊಳ್ಳಬಹುದಾದ ನಗದು ಇಷ್ಟೇ. ಆರಂಭದ 18,000 ರೂ.ಗಳಲ್ಲಿ ಯಾವ ಹಂಗೂ ಇರಲಿಲ್ಲವೆಂದು ಇಟ್ಟುಕೊಂಡರೆ, ಒಂದು ವರ್ಷದಲ್ಲಿ ಸ್ವತಂತ್ರ ಹಣವು 14,500 ರೂ.ಗಳಷ್ಟು ಕರಗಿದೆ. ಗೌರವಧನ ಮತ್ತು ಮೈದಾನದ ಬಾಡಿಗೆಯೇ ತಿಂಗಳಿಗೆ 3,000 ರೂ. ಆಗುವುದರಿಂದ, ಹೊಸ ದೇಣಿಗೆ ಬರದಿದ್ದರೆ ಏಪ್ರಿಲ್ ತಿಂಗಳನ್ನು ದಾಟಿ ಸಂಘ ನಡೆಯುವುದು ಕಷ್ಟ.

ಈಗ ಮೂಲೆಯಲ್ಲಿ ಬರೆದಿಟ್ಟ ಉತ್ತರದ ಕಡೆಗೆ ವಿದ್ಯಾರ್ಥಿಗಳ ಗಮನ ಸೆಳೆಯಬೇಕು. ಅವರು ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಅವರು ಓದಿದ ಖಾತೆಯೇ ಆ ಪ್ರಶ್ನೆಗೆ ಉತ್ತರ ಕೊಡುವ ಖಾತೆಯಲ್ಲ. ಸ್ವೀಕೃತಿ–ಪಾವತಿ ಖಾತೆಯು ನಗದು ಬಂದುದನ್ನೂ ಹೋದುದನ್ನೂ ಮಾತ್ರ ಹೇಳುತ್ತದೆ. ಆದಾಯ–ವೆಚ್ಚ ಖಾತೆಯು ಈ ವರ್ಷಕ್ಕೆ ಸೇರಿದುದನ್ನು ಮಾತ್ರ, ಆದರೆ ಸೇರಿದುದೆಲ್ಲವನ್ನೂ ಹೇಳುತ್ತದೆ.

ಆದಾಯ: ಈ ವರ್ಷದ ಶುಲ್ಕ 40 ಮಕ್ಕಳಿಗೆ 12,000 (ಬರಬೇಕಾದ 3,000 ಸೇರಿ), ಸಾಮಾನ್ಯ ದೇಣಿಗೆ 36,000, ಪಂದ್ಯಾವಳಿ 44,000, ಒಟ್ಟು 92,000 ರೂ.
ವೆಚ್ಚ: ಪಾವತಿಯಾದ 1,01,000, ತರಬೇತುದಾರರ ಬಾಕಿ 2,500, ಒಟ್ಟು 1,03,500 ರೂ.
ಕೊರತೆ: 11,500 ರೂ.

ತಾಳೆ ನೋಡುವ ಕ್ರಮ: ಆರಂಭದ 18,000ರಿಂದ ಕೊರತೆಯ 11,500 ಕಳೆದರೆ 6,500. ಸ್ವತಂತ್ರ ನಗದು 3,500ಕ್ಕೆ ಬರಬೇಕಾದ ಶುಲ್ಕ 3,000 ಕೂಡಿಸಿದರೂ 6,500. ಎರಡು ದಾರಿಗಳಿಂದ ಒಂದೇ ಮೊತ್ತ ಬಂದಿತೆಂದರೆ ಲೆಕ್ಕ ಸರಿಯಾಗಿದೆ ಎಂದರ್ಥ. ಸಮವಸ್ತ್ರ ಮತ್ತು ಸಲಕರಣೆಗಳನ್ನು ಪಾಠದ ಸೌಕರ್ಯಕ್ಕಾಗಿ ಇದೇ ವರ್ಷದ ವೆಚ್ಚವೆಂದು ತೆಗೆದುಕೊಳ್ಳಲಾಗಿದೆ. ಹಲವು ವರ್ಷ ಬಾಳುವ ವಸ್ತುವಾದರೆ ಅದನ್ನು ಆಸ್ತಿಯೆಂದು ತೋರಿಸಿ, ವರ್ಷವರ್ಷವೂ ಸವಕಳಿ ಕಳೆಯುವುದು ಪದ್ಧತಿ.

ಚರ್ಚೆಗೆ: ಮ್ಯಾಟಿನ ಹಣ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದೆ. ಅದರಿಂದ ತರಬೇತುದಾರರ ಬಾಕಿಯನ್ನು ತೀರಿಸಬಹುದೇ? ಉದ್ದೇಶ ಒಳ್ಳೆಯದಾದ್ದರಿಂದ ಹೌದೆನ್ನುವವರು ಇದ್ದೇ ಇರುತ್ತಾರೆ. ಅವರನ್ನು ಮುಂದಿನ ಹೆಜ್ಜೆಗೆ ಕರೆದೊಯ್ಯಬೇಕು: ಮರುವರ್ಷ ದಾನಿಯು ಮ್ಯಾಟ್ ನೋಡಲು ಬಂದರೆ ಸಂಘ ಏನು ತೋರಿಸಬೇಕು? ದಾನಿಯನ್ನು ಕೇಳಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಸಮಿತಿಯಲ್ಲಿ ನಿರ್ಣಯ ಬರೆದ ಬಳಿಕವಷ್ಟೇ ಉದ್ದೇಶ ಬದಲಾಯಿಸುವುದು ಸರಿಯಾದ ಮಾರ್ಗ. ಕೇಳದೆ ತೆಗೆದ ಹಣವು ಒಳ್ಳೆಯ ಕೆಲಸಕ್ಕೆ ಹೋದರೂ ಮುಂದಿನ ದೇಣಿಗೆಯ ಬಾಗಿಲನ್ನು ಮುಚ್ಚುತ್ತದೆ.

ಮೂರನೆಯ ತರಗತಿ: ಕೊರತೆಯನ್ನು ಯಾರು ಹೊರಬೇಕು

ಈಗ ಸಮಿತಿಯ ಸಭೆಯನ್ನು ತರಗತಿಯಲ್ಲಿಯೇ ನಡೆಸಬೇಕು. ಐದು ಮಂದಿಯ ಗುಂಪುಗಳಾಗಿ ಕುಳಿತ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆ ಬರುತ್ತದೆ: “ಹತ್ತು ಮಕ್ಕಳು ಶುಲ್ಕ ಕೊಟ್ಟಿಲ್ಲ. ಅವರನ್ನು ಕೈಬಿಟ್ಟರೆ ಸಂಘ ಉಳಿಯುತ್ತದೆ.” ಇದು ನಿಜವೇ ಎಂಬುದನ್ನು ಅವರು ಮಾತಿನಿಂದಲ್ಲ, ಲೆಕ್ಕದಿಂದ ತೀರ್ಮಾನಿಸಬೇಕು.

ಹೆಜ್ಜೆ 1. ಒಂದು ಮಗುವಿಗೆ ತಗಲುವ ವೆಚ್ಚ. ಒಟ್ಟು ವೆಚ್ಚ 1,03,500ರಿಂದ ಪಂದ್ಯಾವಳಿಯ 41,000 ಕಳೆದರೆ 62,500. ಅದನ್ನು 40ರಿಂದ ಭಾಗಿಸಿದರೆ 1,562 ರೂ. 50 ಪೈಸೆ. ಶುಲ್ಕ 300 ರೂ. ಮಾತ್ರ; ಅಂದರೆ ವೆಚ್ಚದ ಐದನೆಯ ಒಂದು ಪಾಲಿಗೂ ಕಡಿಮೆ. ಶುಲ್ಕ ಕೊಟ್ಟ ಮಗುವೂ ಊರಿನ ದೇಣಿಗೆಯಿಂದಲೇ ಆಡುತ್ತಿದೆ. ಕೊಟ್ಟವರು ಸಂಘವನ್ನು ನಡೆಸುವವರು, ಕೊಡದವರು ಹೊರೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಹೆಜ್ಜೆ 2. ಹತ್ತು ಮಕ್ಕಳು ಹೋದರೆ ಉಳಿಯುವುದೆಷ್ಟು? ತರಬೇತುದಾರರ ಗೌರವಧನ 30,000 ಹಾಗೂ ಮೈದಾನದ ಬಾಡಿಗೆ 6,000 ಸ್ಥಿರ ವೆಚ್ಚಗಳು. ಮೂವತ್ತು ಮಕ್ಕಳಿದ್ದರೂ ನಲವತ್ತು ಮಕ್ಕಳಿದ್ದರೂ ಅವು ಅಷ್ಟೇ. ತಂಡದ ಪ್ರಯಾಣವೂ ಹೆಚ್ಚೇನೂ ಇಳಿಯದು. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು ಏಳು ಮಂದಿ, ಕಾಯ್ದಿರಿಸಿದ ಆಟಗಾರರೂ ಸೇರಿ ತಂಡದಲ್ಲಿ ಹನ್ನೆರಡು ಮಂದಿ. ಮಗುವಿಗೊಂದರಂತೆ ಇಳಿಯುವುದು ಸಮವಸ್ತ್ರದ 300 ರೂ., ವಿಮೆ ಮತ್ತು ಚಿಕಿತ್ಸೆಯ 75 ರೂ. ಹತ್ತು ಮಕ್ಕಳಿಗೆ 3,750 ರೂ. ಕೊರತೆ 11,500 ಇರುವಾಗ, ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಹಣಕ್ಕಾಗಿ ಸಂಘವು ತನ್ನ ಕಾಲುಭಾಗ ಮಕ್ಕಳನ್ನು ಕಳೆದುಕೊಳ್ಳುತ್ತದೆ.

ಹೆಜ್ಜೆ 3. ಹಾಗಾದರೆ ಕೊರತೆ ಎಲ್ಲಿದೆ? ಪಂದ್ಯಾವಳಿಗೆ ಬಂದ ಹಣ 44,000, ಹೋದ ಹಣ 41,000, ಉಳಿದುದು 3,000. ಬಹುಮಾನವೊಂದೇ 18,000 ರೂ.; ಅದು ಉಳಿತಾಯದ ಆರುಪಟ್ಟು. ಬಹುಮಾನವನ್ನು 10,000ಕ್ಕೆ ಇಳಿಸಿದರೆ 8,000 ಉಳಿಯುತ್ತದೆ. ಊಟದ 10,000ರಲ್ಲಿ 3,500 ರೂ. ಬೆಲೆಯ ಅಕ್ಕಿ, ತೆಂಗಿನಕಾಯಿ, ತರಕಾರಿಗಳು ಊರಿನವರಿಂದ ವಸ್ತುರೂಪದಲ್ಲಿ ಬಂದರೆ ಒಟ್ಟು 11,500 ಆಯಿತು. ಕೊರತೆ ಸರಿದೂಗಿತು; ಒಂದು ಮಗುವೂ ಹೊರಗೆ ಹೋಗಲಿಲ್ಲ.

ಇದೊಂದೇ ಉತ್ತರವೆಂದು ಶಿಕ್ಷಕರು ಹೇಳಬೇಕಾಗಿಲ್ಲ. ಬಹುಮಾನ ಇಳಿದರೆ ದೂರದ ತಂಡಗಳು ಬಾರದೆ ಪ್ರವೇಶ ಶುಲ್ಕ ಕಡಿಮೆಯಾಗಬಹುದು ಎಂದು ಒಂದು ಗುಂಪು ಆಕ್ಷೇಪಿಸಿದರೆ ಅದು ಉತ್ತಮ ಆಕ್ಷೇಪ. ಎಂಟು ತಂಡಗಳು ಬಾರದಿದ್ದರೆ ಉಳಿಸಿದ 8,000 ಪೂರ್ತಿ ಹೋಗುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳಲಿ. ಹೊಸ ಪ್ರಾಯೋಜಕರು, ಶುಲ್ಕ ನೆರವು ನಿಧಿ, ಬಾಡಿಗೆಯಿಲ್ಲದ ಶಾಲಾ ಮೈದಾನ ಮುಂತಾದ ಮಾರ್ಗಗಳನ್ನೂ ಅಂಕಿಗಳೊಡನೆ ಮಂಡಿಸಲಿ. ಅಂಕಿಯಿಲ್ಲದ ಸಲಹೆಯನ್ನು ನಿರ್ಣಯ ಪುಸ್ತಕದಲ್ಲಿ ಬರೆಯಬಾರದು ಎಂಬ ನಿಯಮವನ್ನು ಎಲ್ಲ ಗುಂಪುಗಳಿಗೂ ಹಾಕಬೇಕು.

ಸೂಕ್ಷ್ಮ ವಿಷಯ: ಶುಲ್ಕ ಕೊಡಲಾಗದ ಮಕ್ಕಳು ಇದೇ ತರಗತಿಯಲ್ಲಿ ಕುಳಿತಿರಬಹುದು. ಯಾರ ಮನೆಯ ಉದಾಹರಣೆಯನ್ನೂ ಕೇಳಬಾರದು. ಸಂಘಗಳಲ್ಲಿಯೂ ರಿಯಾಯಿತಿಯನ್ನು ಸಮಿತಿಯ ನಿರ್ಣಯದಲ್ಲಿ ದಾಖಲಿಸಿ, ಸೂಚನಾ ಫಲಕದಲ್ಲಿ ಮೊತ್ತವನ್ನು ಮಾತ್ರ ತೋರಿಸುವುದು, ಹೆಸರುಗಳನ್ನು ತೋರಿಸದಿರುವುದು ಯೋಗ್ಯ.

ನಾಲ್ಕು ಕಟ್ಟುಪಾಡುಗಳು

ಸಣ್ಣ ಸಂಘಕ್ಕೆ ದೊಡ್ಡ ಲೆಕ್ಕ ವಿಭಾಗ ಬೇಕಿಲ್ಲ. ನಾಲ್ಕು ಕಟ್ಟುಪಾಡುಗಳು ಸಾಕು.

ಮೊದಲನೆಯದು, ಕ್ರಮಸಂಖ್ಯೆಯುಳ್ಳ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಸ್ವೀಕರಿಸಬಾರದು. ಕೆಟ್ಟ ರಸೀದಿಯನ್ನು ಹರಿದು ಎಸೆಯದೆ, ರದ್ದು ಎಂದು ಬರೆದು ಪುಸ್ತಕದಲ್ಲಿಯೇ ಉಳಿಸಬೇಕು. ಎರಡನೆಯದು, ಹಣ ಪಡೆಯುವವರು ಮತ್ತು ಲೆಕ್ಕ ಬರೆಯುವವರು ಬೇರೆ ಬೇರೆಯಾಗಿರಬೇಕು. ಬ್ಯಾಂಕಿನಿಂದ ತೆಗೆಯಲು ಇಬ್ಬರ ಸಹಿ ಇರಬೇಕು. ಮೂರನೆಯದು, ತಿಂಗಳಿಗೊಮ್ಮೆ ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡಬೇಕು. ನಾಲ್ಕನೆಯದು, ವರ್ಷಕ್ಕೊಮ್ಮೆ ಲೆಕ್ಕವನ್ನು ಹೆತ್ತವರ ಎದುರಿನಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು.

ದೇಣಿಗೆಯ ಬಗ್ಗೆ ಎರಡು ಮಾತು. ತೆರಿಗೆ ರಿಯಾಯಿತಿಯ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟರೂ, 2,000 ರೂ.ಗಳನ್ನು ಮೀರಿದ ನಗದು ದೇಣಿಗೆಗೆ ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ದೊರೆಯದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸರಿ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ, ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹಣ ವಿನಿಯೋಗಿಸಬಹುದಾದ ಕಾರ್ಯಗಳ ಪೈಕಿ ಗ್ರಾಮೀಣ ಕ್ರೀಡೆಗಳ ತರಬೇತಿಯೂ ಸೇರಿದೆ. ಆದರೆ ಅಂಥ ನೆರವನ್ನು ಕೇಳಲು ಹೋಗುವ ಸಂಘವು ಮೊದಲು ಒಯ್ಯಬೇಕಾದುದು ಶುದ್ಧವಾದ ಲೆಕ್ಕಪತ್ರವನ್ನು.

ಭಾಷಾ ಟಿಪ್ಪಣಿ: ಗಡಿಯಾಚೆಯ ಲೆಕ್ಕದ ಮಾತು

ಗಡಿನಾಡಿನ ಸಂಘದ ಪುಸ್ತಕ ಕನ್ನಡದಲ್ಲಿದ್ದರೂ ಕಚೇರಿಯ ನಮೂನೆ ರಾಜ್ಯಭಾಷೆಯಲ್ಲಿರಬಹುದು. ಆದುದರಿಂದ ಈ ಪದಗಳ ಪರಿಚಯ ಅಗತ್ಯ.

ಜಮಾ–ಖರ್ಚು: ಮಲಯಾಳದಲ್ಲಿ ವರವ್–ಚೆಲವ್, ತಮಿಳಿನಲ್ಲಿ ವರವು–ಸೆಲವು, ಮರಾಠಿಯಲ್ಲಿ ಜಮಾ–ಖರ್ಚ, ತೆಲುಗಿನಲ್ಲಿ ಜಮಾ–ಖರ್ಚುಲು.
ಶಿಲ್ಕು: ಮಲಯಾಳದಲ್ಲಿ ನೀಕ್ಕಿಯಿರಿಪ್ಪ್, ತಮಿಳಿನಲ್ಲಿ ಇರುಪ್ಪು, ಮರಾಠಿಯಲ್ಲಿ ಶಿಲ್ಲಕ, ತೆಲುಗಿನಲ್ಲಿ ನಿಲ್ವ.
ಚಂದಾ ಅಥವಾ ವಂತಿಗೆ: ಮಲಯಾಳದಲ್ಲಿ ವರಿಸಂಖ್ಯ, ತಮಿಳಿನಲ್ಲಿ ಸಂದಾ, ಮರಾಠಿಯಲ್ಲಿ ವರ್ಗಣೀ, ತೆಲುಗಿನಲ್ಲಿ ಚಂದಾ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಿಕ್ಷಕರು ಒಂದು ಪದದ ಕಡೆಗೆ ವಿಶೇಷ ಗಮನ ಕೊಡಬೇಕು. ಇಂದಿನ ಕನ್ನಡ ಲೆಕ್ಕಪತ್ರಗಳಲ್ಲಿ ಪಾವತಿ ಎಂದರೆ ಹಣ ಕೊಡುವುದು. ಮರಾಠಿಯಲ್ಲಿ ಪಾವತೀ ಎಂದರೆ ಹಣ ಮುಟ್ಟಿದುದಕ್ಕೆ ಕೊಡುವ ರಸೀದಿ. ಮರಾಠಿ ಪಾವತೀ ಪುಸ್ತಕವನ್ನು ಮಗು ಖರ್ಚಿನ ಪುಸ್ತಕವೆಂದು ಓದಿದರೆ ಬಂದ ಹಣವೆಲ್ಲ ಹೋದ ಹಣವಾಗುತ್ತದೆ. ಈ ಒಂದು ಪದವನ್ನು ಎರಡೂ ಭಾಷೆಗಳ ವಾಕ್ಯಗಳಲ್ಲಿ ಬಳಸಿ ತೋರಿಸಬೇಕು.

ಮೌಲ್ಯಮಾಪನ

1. ಒಂದು ವಾಲಿಬಾಲ್ ಸಂಘದ ಅಂತ್ಯದ ಶಿಲ್ಕು 42,000 ರೂ. ಅದರಲ್ಲಿ ಬಾಲಕಿಯರ ಉಡುಪು ಬದಲಿಸುವ ಕೋಣೆಗಾಗಿ ಬಂದ ದೇಣಿಗೆ 25,000, ಮುಂದಿನ ವರ್ಷದ ಶುಲ್ಕದ ಮುಂಗಡ 4,000. ಕ್ರೀಡಾ ಸಾಮಗ್ರಿ ಅಂಗಡಿಗೆ ಕೊಡಬೇಕಾದ ಬಾಕಿ 6,500. ಸ್ವತಂತ್ರ ಹಣ ಎಷ್ಟು? ತಿಂಗಳ ಸ್ಥಿರ ವೆಚ್ಚ 2,600 ರೂ. ಆದರೆ ಅದು ಎಷ್ಟು ತಿಂಗಳಿಗೆ ಸಾಕಾಗುತ್ತದೆ?
2. “ನಮ್ಮದು ಲಾಭಕ್ಕಾಗಿ ನಡೆಯುವ ಸಂಘವಲ್ಲ, ಆದ್ದರಿಂದ ವರ್ಷದ ಕೊನೆಗೆ ಏನೂ ಉಳಿಯಬಾರದು.” ಈ ಮಾತು ಸರಿಯೇ? ಐದು ವಾಕ್ಯಗಳಲ್ಲಿ ಉತ್ತರಿಸಿರಿ.
3. ಮಾದರಿ ಸಂಘದ ತರಬೇತುದಾರರ ಬಾಕಿಯನ್ನು ಸ್ವೀಕೃತಿ–ಪಾವತಿ ಖಾತೆಯಲ್ಲಿ ಏಕೆ ತೋರಿಸಿಲ್ಲ?
4. ನಿಮ್ಮ ಊರಿನ ಭಾಷೆಯಲ್ಲಿ ಶಿಲ್ಕು ಎಂಬುದಕ್ಕೆ ಬಳಸುವ ಪದವನ್ನು ಹಿರಿಯರಿಂದ ಕೇಳಿ ಬರೆಯಿರಿ.

ಉತ್ತರ ಸೂಚನೆ: 1. ಸ್ವತಂತ್ರ ಹಣ 6,500 ರೂ.; ಎರಡೂವರೆ ತಿಂಗಳು. 2. ಲಾಭವನ್ನು ಹಂಚಿಕೊಳ್ಳಬಾರದೆಂಬುದು ನಿಯಮ, ಉಳಿಸಬಾರದೆಂಬುದಲ್ಲ. ದೇಣಿಗೆ ತಡವಾದ ತಿಂಗಳಲ್ಲಿ ತರಬೇತಿ ನಿಲ್ಲದಿರಲು ಸ್ವಲ್ಪ ಸ್ವತಂತ್ರ ಹಣ ಬೇಕು ಎಂಬ ಅಂಶ ಉತ್ತರದಲ್ಲಿ ಬರಬೇಕು. 3. ನಗದು ಇನ್ನೂ ಹೊರಗೆ ಹೋಗಿಲ್ಲ.

ಉಪಸಂಹಾರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ತಿಳಿದುದೇ. ಹಾಸಿಗೆಯ ಉದ್ದವನ್ನು ಅಳೆಯುವುದು ಹೇಗೆಂದು ಗಾದೆ ಹೇಳುವುದಿಲ್ಲ; ಅದನ್ನು ಹೇಳುವುದು ಲೆಕ್ಕಪತ್ರ. ಪೆಟ್ಟಿಗೆಯನ್ನು ಮಾತ್ರ ನೋಡುವ ಸಮಿತಿಯು ಸಮೃದ್ಧಿಯೆಂದು ಭ್ರಮಿಸಿ, ಮರುತಿಂಗಳು ಗಾಬರಿಗೊಂಡು, ಬಡ ಮಕ್ಕಳ ಹೆಸರಿನ ಮೇಲೆ ಗೆರೆ ಎಳೆಯುತ್ತದೆ. ಪುಸ್ತಕವನ್ನು ಓದಬಲ್ಲ ಸಮಿತಿಯು ಗೆರೆ ಎಳೆಯಬೇಕಾದ ಜಾಗ ಬೇರೆಯೆಂದು ಕಾಣುತ್ತದೆ. ಇಂದು ಈ ಲೆಕ್ಕವನ್ನು ಬಿಡಿಸಿದ ವಿದ್ಯಾರ್ಥಿಗಳಲ್ಲಿ ಕೆಲವರು ಹತ್ತು ವರ್ಷಗಳ ಬಳಿಕ ತಮ್ಮ ಊರಿನ ಸಂಘದ ಕೋಶಾಧಿಕಾರಿಗಳಾಗುವರು. ಈ ಪಾಠದ ನಿಜವಾದ ಮೌಲ್ಯಮಾಪನ ನಡೆಯುವುದು ಆಗಲೇ.